ವಿಮಾನ ಬಿಟ್ಟವಳ ಮನೆಯಲ್ಲಿ

ಬೀದರ್, ಆಮೇಲೆ ಶಂಶಾಬಾದ್

ಉಪ್ಪಿನಕಾಯಿ ಘನವೋ ದ್ರವವೋ ಎಂಬ ವಿಷಯದ ಮೇಲೆ ನಾನು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ವಾದ ಮಾಡಿದೆ. ಅಮ್ಮ ಕೈಚೀಲದಲ್ಲಿ ತುರುಕಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯನ್ನು ತಪಾಸಣೆಯ ಹುಡುಗಿ ಎತ್ತಿ ಹಿಡಿದು, ದ್ರವ ಪದಾರ್ಥ ಒಳಗೆ ಬಿಡುವುದಿಲ್ಲ ಎಂದಳು. ಹೋಳು ಘನ, ಎಣ್ಣೆ ಮಾತ್ರ ದ್ರವ, ಹೋಳೇ ಹೆಚ್ಚಿಗೆ ಇರುವುದರಿಂದ ಬಹುಮತ ಘನದ ಕಡೆ ಇದೆ ಎಂದು ನಾನು ಮಂಡಿಸಿದೆ. ಹಿಂದೆ ಸಾಲಿನಲ್ಲಿ ನಿಂತವರೊಬ್ಬರು ಹೌದು ಹೌದು ಅಂದರು. ಆ ಹುಡುಗಿಯೂ ನಕ್ಕು, ನಿಮ್ಮ ಮಾತು ಸರಿಯಾಗಿಯೇ ಇದೆ ಎಂದು ಹಿಂದಿಯಲ್ಲಿ ಹೇಳಿ, ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದಳು.

ನಮ್ಮ ಮನೆ ಭಾಲ್ಕಿಯಲ್ಲಿ, ನಾನು ಓದುತ್ತಿರುವುದು ಬೀದರಿನಲ್ಲಿ ಕಾನೂನು. ಓದಿಗಿಂತ ಚರ್ಚಾಸ್ಪರ್ಧೆಗೆ ಹೋಗಿದ್ದೇ ಹೆಚ್ಚು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಬೇರೆ ಬೇರೆ ದೇಶದ ಹುಡುಗ ಹುಡುಗಿಯರಿಗೆ ವಾದದ ಶಿಬಿರ ಇದೆ, ಊರಿನವರ ಮನೆಗಳಲ್ಲಿ ಇಳಿದುಕೊಳ್ಳಬೇಕು ಎಂದು ಕರೆ ಬಂದದ್ದೂ ಹೀಗೆ ಗೆದ್ದೂ ಗೆದ್ದೂ. ಶಿಬಿರದ ವಿಷಯ: ನಮ್ಮ ನಮ್ಮ ದಿನನಿತ್ಯದ ಆಯ್ಕೆಗಳಿಂದ ಪರಿಸರ ಉಳಿಯುತ್ತದೆ.

ಉಳಿಯುವುದಿಲ್ಲ. ಇದು ಚೀಟಿ ಎತ್ತದೆಯೇ ನಾನು ನಂಬಿರುವ ಮಾತು. ನಮ್ಮ ಕಾಲೇಜಿನಲ್ಲಿ ಪ್ಲಾಸ್ಟಿಕ್ ಬೇಡ ಎನ್ನುವ ಕಾರ್ಯಕ್ರಮ ಮಾಡಿದ್ದರು. ಹಿಂದೆ ಫ್ಲೆಕ್ಸ್ ಬ್ಯಾನರ್, ಮುಂದೆ ಅತಿಥಿಗಳಿಗೆ ನೀರಿನ ಬಾಟಲಿ. ನಮಗೆಲ್ಲ ಒಂದೊಂದು ಬಟ್ಟೆ ಚೀಲ ಕೊಟ್ಟರು, ಆ ಚೀಲವೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಚೀಲ ಹಿಡಿದು ಹೊರಗೆ ಬಂದರೆ ಕೊಳಾರದ ಕಾರ್ಖಾನೆಗಳ ಕಡೆ ಹೊರಟ ಲಾರಿಗಳ ಹೊಗೆ ಮುಖಕ್ಕೆ ಬಡಿಯಿತು. ದೊಡ್ಡವರು ಮಾಡಬೇಕಾದದ್ದನ್ನು ಸಣ್ಣವರ ಆತ್ಮಸಾಕ್ಷಿಗೆ ಅಂಟಿಸಿ ಜಾರಿಕೊಳ್ಳುವ ಉಪಾಯ ಇದು ಎಂದು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ತೀರ್ಪುಗಾರರು ತಲೆಯಾಡಿಸಿದ್ದಾರೆ.

ಎಲ್ಬೆ ದಂಡೆಯ ಊರು

ನನ್ನನ್ನು ಇಟ್ಟುಕೊಳ್ಳಲು ಒಪ್ಪಿದವಳ ಹೆಸರು ಮಾರೆನ್. ನಲವತ್ತರ ಆಸುಪಾಸು, ಊರಿನ ಗ್ರಂಥಾಲಯದಲ್ಲಿ ಕೆಲಸ, ಮನೆಯಲ್ಲಿ ಒಬ್ಬಳೇ. ರೈಲು ನಿಲ್ದಾಣಕ್ಕೆ ಒಂದು ಸೈಕಲ್ ಮೇಲೆ ಕೂತು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದಿದ್ದಳು. ಬರುತ್ತದೆಯಾ ಎಂದಳು. ಬರುತ್ತದೆ ಎಂದೆ. ಭಾಲ್ಕಿಯ ಸಾಲಿ ಮೈದಾನದಲ್ಲಿ ಸುತ್ತು ಹೊಡೆದದ್ದು ಬಿಟ್ಟರೆ ನನಗೆ ಅನುಭವವಿಲ್ಲ, ಅಲ್ಲಿ ಎದುರಿಗೆ ಬರುವುದು ಆಡು ಮಾತ್ರ. ಇಲ್ಲಿ ಮೊದಲ ತಿರುವಿನಲ್ಲೇ ಒಬ್ಬರ ಬೇಲಿಯೊಳಗೆ ಹೋದೆ. ಮನೆಯ ಯಜಮಾನ ಕಿಟಕಿಯಿಂದ ನೋಡಿದ, ಪರದೆ ಎಳೆದ. ಅಷ್ಟೇ. ಭಾಲ್ಕಿಯಲ್ಲಾಗಿದ್ದರೆ ಎತ್ತಲು ಬಂದವರು, ಬೈಯಲು ಬಂದವರು, ಯಾರ ಮಗಳು ಎಂದು ವಿಚಾರಿಸಲು ಬಂದವರು ಎಲ್ಲ ಸೇರಿ ಒಂದು ಸಭೆಯೇ ಆಗುತ್ತಿತ್ತು. ಬಿದ್ದ ನೋವಿಗಿಂತ ಆ ಪರದೆ ಹೆಚ್ಚು ಚುಚ್ಚಿತು.

ಚಳಿಗಾಲದಲ್ಲಿ ಆ ಊರಿನಲ್ಲಿ ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಕತ್ತಲಾಗುತ್ತದೆ. ರಸ್ತೆಯಲ್ಲಿ ಮನುಷ್ಯರಿರುತ್ತಾರೆ, ಸದ್ದು ಇರುವುದಿಲ್ಲ. ಎಲ್ಬೆ ನದಿಯ ಪಕ್ಕ ನಡೆಯುವಾಗ ಎದುರು ಬಂದವರು ತಲೆ ಸ್ವಲ್ಪ ಬಗ್ಗಿಸುತ್ತಾರೆ, ನೀವೂ ಬಗ್ಗಿಸಬೇಕು, ಮುಗಿಯಿತು. ಎಲ್ಲಿಂದ ಬಂದಿ, ಮನೆಯಲ್ಲಿ ಯಾರ್‍ಯಾರು, ಮದುವೆ ಆಗಿದೆಯಾ ಎಂದು ಯಾರೂ ಕೇಳುವುದಿಲ್ಲ. ಬೀದರಿನ ಬಸ್ಸಿನಲ್ಲಿ ಈ ಪ್ರಶ್ನೆಗಳಿಗೆ ಸಿಡುಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದವಳು ನಾನೇ. ಇಲ್ಲಿ ಮೊದಲ ವಾರ ಮುಗಿಯುವಷ್ಟರಲ್ಲಿ, ಯಾರಾದರೂ ನನ್ನ ಜಾತಕ ಕೇಳಿದರೂ ಹೇಳಿಬಿಡುವ ಸ್ಥಿತಿಗೆ ಬಂದಿದ್ದೆ. ಬೌದ್ಧರ ಮನೆಯವಳಾದ ನನಗೆ ಜಾತಕವೇ ಇಲ್ಲ ಎನ್ನುವುದು ಬೇರೆ ಮಾತು.

ಮಾರೆನ್‌ಳ ಅಡಿಗೆಮನೆ

ಮಾರೆನ್ ಕಾರು ಇಟ್ಟುಕೊಂಡಿಲ್ಲ. ಮಾಂಸ ತಿನ್ನುವುದಿಲ್ಲ. ಹೊಸ ಬಟ್ಟೆ ಕೊಳ್ಳುವುದಿಲ್ಲ. ಹೀಟರನ್ನು ಹಲ್ಲು ಕಡಕಡ ಎನ್ನದಷ್ಟು ಮಾತ್ರ ಹಚ್ಚಿ, ನನಗೊಂದು ದಪ್ಪ ಸ್ವೆಟರ್ ಕೊಟ್ಟಳು. ನಾನು ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದರೆ ಪಕ್ಕಕ್ಕೆ ಬಂದು ಮಾತಿಲ್ಲದೆ ನಲ್ಲಿ ನಿಲ್ಲಿಸಿ ಹೋಗುತ್ತಿದ್ದಳು. ವಿಮಾನ ಹತ್ತುವುದನ್ನು ಯಾವಾಗಲೋ ಬಿಟ್ಟಿದ್ದಾಳೆ ಎಂದು ಶಿಬಿರದವರು ಮೊದಲೇ ಹೇಳಿದ್ದರು. ಎದುರಾಳಿ ಮನೆಯಲ್ಲೇ ಸಿಕ್ಕಳು ಎಂದು ನಾನು ಖುಷಿಯಿಂದ ಕೈ ತಿಕ್ಕಿಕೊಂಡಿದ್ದೆ.

ರಾತ್ರಿ ಊಟದ ಹೊತ್ತಿಗೆ ಶುರುಮಾಡುತ್ತಿದ್ದೆ. ನೀನು ಉಳಿಸಿದ ನೀರು ಎಲ್ಲಿಗೆ ಹೋಗುತ್ತದೆ? ನೀನು ಹಾಕಿಕೊಂಡ ಸ್ವೆಟರಿನಿಂದ ಯಾವ ಕಾರ್ಖಾನೆ ಬಾಗಿಲು ಹಾಕಿತು? ಆಕೆ ಚಮಚ ಕೆಳಗಿಟ್ಟು, ಗಲ್ಲಕ್ಕೆ ಕೈಯಾನಿಸಿ, ಪೂರ್ತಿ ಕೇಳುತ್ತಿದ್ದಳು. ಅಂಥ ಶ್ರೋತೃ ನನಗೆ ಯಾವ ಸಭೆಯಲ್ಲೂ ಸಿಕ್ಕಿಲ್ಲ. ನಾನು ಮುಗಿಸಿದ ಮೇಲೆ, 'ಇರಬಹುದು' ಅಂದು ಎದ್ದು, ಲೈಟು ಆರಿಸುತ್ತಿದ್ದಳು. ಖಂಡನೆಯೇ ಇಲ್ಲ. ಎದುರಾಳಿ ಇಲ್ಲದ ವೇದಿಕೆಯ ಮೇಲೆ ನಿಂತಿದ್ದೀರಾ ಎಂದಾದರೂ? ನಿಮ್ಮ ದನಿಯೇ ನಿಮಗೆ ಕೇಳಿ ನಾಚಿಕೆಯಾಗುತ್ತದೆ.

ಆಕೆ ನನ್ನನ್ನು ಒಮ್ಮೆ ಹೊಗಳಿದಳು, ಅದರ ಕಥೆ ಹೀಗೆ. ಅಲ್ಲಿನ ಪಾಯಖಾನೆಯಲ್ಲಿ ನೀರಿಲ್ಲ, ಬರೀ ಕಾಗದ. ನಮ್ಮ ಮಂದಿಗೆ ಅದು ಸಾಧ್ಯವೇ? ಅಡಿಗೆಮನೆಯ ಕಪಾಟಿನಲ್ಲಿ ಹಿಡಿಕೆ ಇದ್ದ ಒಂದು ಪ್ಲಾಸ್ಟಿಕ್ ಮಗ್ಗು ಕಂಡಿತು. ಚರಿಗೆಯ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು, ಒಯ್ದುಬಿಟ್ಟೆ. ಶನಿವಾರ ಮಾರೆನ್ ಬ್ರೆಡ್ ಮಾಡಲು ಹಿಟ್ಟು ತೆಗೆದಿಟ್ಟುಕೊಂಡು ಹಾಲು ಅಳೆಯುವ ಮಗ್ಗನ್ನು ಹುಡುಕತೊಡಗಿದಳು. ಕಪಾಟು ಆಯಿತು, ಅಂಗಳ ಆಯಿತು. ಕೊನೆಗೆ ನಾನು ಬಾಯಿ ಬಿಡಲೇಬೇಕಾಯಿತು. ಎಲ್ಲಿದೆ, ಯಾಕಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸುವಾಗ ನನ್ನ ಇಷ್ಟು ವರ್ಷದ ವಾಕ್ಚಾತುರ್ಯ ಕೈಕೊಟ್ಟಿತು. ಆಕೆ ಬೈಯುತ್ತಾಳೆ ಎಂದುಕೊಂಡರೆ, ಕಣ್ಣು ಅರಳಿಸಿ, ಹಾಗಾದರೆ ನಿಮ್ಮಲ್ಲಿ ಕಾಗದವೇ ಬೇಡ, ಮರ ಕಡಿಯುವುದೇ ಬೇಡ ಎಂದಳು. ಬಾಯಲ್ಲಿ ಇಲ್ಲ ಅನ್ನುತ್ತೀ, ನಡೆಯಲ್ಲಿ ನನಗಿಂತ ಮುಂದಿದ್ದೀ ಎಂದೂ ಸೇರಿಸಿದಳು. ಇದು ಪರಿಸರಕ್ಕಾಗಿ ಅಲ್ಲ ಮಾರಾಯ್ತಿ, ಅಭ್ಯಾಸ ಎಂದೆ. ಅಭ್ಯಾಸವಾದರೆ ಇನ್ನೂ ಒಳ್ಳೆಯದು ಎಂದಳು. ಸೋಮವಾರ ಹಳೆ ಸಾಮಾನಿನ ಅಂಗಡಿಯಿಂದ ಎರಡು ಚರಿಗೆಯಂಥ ಪಾತ್ರೆ ತಂದಳು. ಒಂದು ನನಗೆ, ಒಂದು ತನಗೆ.

ಆ ದಿನ ನಾವಿಬ್ಬರೂ ಬಹಳ ನಕ್ಕೆವು. ನಕ್ಕ ಮೇಲೆ ಮನೆ ಇನ್ನೂ ಖಾಲಿಯೆನಿಸಿತು.

ಆಂಕೆಯ ಫೋನು

ಮಾರೆನ್‌ಗೆ ಒಬ್ಬಳೇ ತಂಗಿ, ಆಂಕೆ. ನ್ಯೂಜಿಲೆಂಡಿನಲ್ಲಿ ಇದ್ದಾಳೆ. ಅಪ್ಪ ಇವರು ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಹೋದವನು, ತಾಯಿ ತೀರಿಕೊಂಡಿದ್ದಾಳೆ. ತಂಗಿಯ ಜಡೆ ಹಾಕಿ ಸಾಲಿಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದ್ದು ಮಾರೆನ್. ಆ ತಂಗಿಯ ಮದುವೆ ಗೊತ್ತಾಗಿತ್ತು. ಮಾರೆನ್ ಹೋಗುವುದಿಲ್ಲ ಎಂದಿದ್ದಳು. ಜರ್ಮನಿಯಿಂದ ನ್ಯೂಜಿಲೆಂಡಿಗೆ ರೈಲು ಇಲ್ಲ.

ಒಂದು ಬೆಳಿಗ್ಗೆ ಅಕ್ಕ ಗ್ರಂಥಾಲಯಕ್ಕೆ ಹೋದ ಹೊತ್ತು ನೋಡಿ ಆಂಕೆ ಫೋನು ಮಾಡಿದಳು, ನನಗೇ. ನೀನು ವಾದದಲ್ಲಿ ಗಟ್ಟಿ ಅಂತ ಅಕ್ಕ ಹೇಳುತ್ತಿರುತ್ತಾಳೆ, ನಾನು ಅತ್ತು ನೋಡಿದೆ, ಜಗಳ ಮಾಡಿದೆ, ಮಾತು ಬಿಟ್ಟೆ, ಆಗಲಿಲ್ಲ, ನೀನು ಒಮ್ಮೆ ನೋಡು ಎಂದಳು. ನನ್ನ ಕಡೆಯಿಂದ ನಿಲ್ಲಲು ಆ ದಿನ ಬೇರೆ ಯಾರೂ ಇರುವುದಿಲ್ಲ ಎಂದಳು. ನಾನು ಒಪ್ಪಿಕೊಂಡೆ. ಮೊದಲ ಬಾರಿಗೆ ನಾನು ನಂಬಿದ ಪಕ್ಷ, ಗೆದ್ದರೆ ನಿಜವಾಗಿ ಒಬ್ಬರಿಗೆ ಉಪಯೋಗವಾಗುವ ಪಕ್ಷ, ಎರಡೂ ಒಂದೇ ಆಗಿದ್ದವು.

ಎಷ್ಟೋ ಸಂಜೆ ವಾದಿಸಿದೆ. ನೀನು ಹತ್ತದಿದ್ದರೂ ವಿಮಾನ ಹಾರುತ್ತದೆ, ನಿನ್ನ ಸೀಟು ಮಾತ್ರ ಖಾಲಿ ಹೋಗುತ್ತದೆ. ಅದೇ ವಿಮಾನದಲ್ಲಿ ಯಾರೋ ಬರೀ ಬೀಚಿಗೆ ಹೋಗುತ್ತಿರುತ್ತಾನೆ. ಭೂಮಿಗೆ ನೀನು ಗೊತ್ತಿಲ್ಲ, ಆಂಕೆಗೆ ಗೊತ್ತು. ಮಾರೆನ್ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನಡುವೆ ಒಂದೆರಡು ಸಲ, 'ಅದನ್ನು ಇನ್ನೊಮ್ಮೆ ಹೇಳು' ಎಂದಳು. ಹೇಳಿದೆ. ಆಮೇಲೆ ಬಹಳ ಹೊತ್ತು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ ಕೂತಳು.

ಒಂದು ಬೇಸಿಗೆ ಈ ನದಿ ಬತ್ತಿ ದೋಣಿಗಳು ಕೆಸರಿನಲ್ಲಿ ಕೂತವು, ಆ ವಾರ ವಿಮಾನ ಬಿಟ್ಟೆ ಎಂದಳು.

ನೀನು ಬಿಟ್ಟ ಮೇಲೆ ನದಿಗೆ ನೀರು ಬಂತಾ ಎಂದೆ.

"ಇಲ್ಲ. ನೀನು ಹೇಳಿದ್ದೆಲ್ಲ ಸರಿ ಇದೆ. ಆದರೆ ನಾನು ಬಿಟ್ಟಿದ್ದೇನೆ."

ಇಂಗ್ಲಿಷಿನಲ್ಲಿ ಹೇಳಿದ್ದಳು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಸಂತಪುರದ ನಮ್ಮ ಆಯಿಯ ದನಿ: ಬಿಟ್ಟೇನಿ.

ಭಾನುವಾರ

ಆಯಿ ಎಂದರೆ ಅಪ್ಪನ ತಾಯಿ. ಔರಾದ ತಾಲ್ಲೂಕಿನ ಸಂತಪುರದಲ್ಲಿ ಕಾಕಾನ ಮನೆಯಲ್ಲಿ ಇರುತ್ತಾಳೆ. ಒಮ್ಮೆ ಓಣಿಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಕಾಶಿಗೆ ಹೊರಟರು. ಕಾಶಿಗೆ ಹೋದವರು ಇಷ್ಟದ ಹಣ್ಣನ್ನೋ ಪಲ್ಯವನ್ನೋ ಅಲ್ಲಿ ಬಿಟ್ಟು ಬರುವುದು ವಾಡಿಕೆ, ಆಮೇಲೆ ಬದುಕಿರುವವರೆಗೆ ಅದನ್ನು ಬಾಯಿಗಿಡುವುದಿಲ್ಲ. ಆಯಿ ಅದೇ ಬಸ್ಸಿನಲ್ಲಿ ಸಾರನಾಥ ನೋಡಲು ಹೋದಳು. ಒಬ್ಬಾಕೆ ಬದನೆಕಾಯಿ, ಇನ್ನೊಬ್ಬಾಕೆ ಸೀತಾಫಲ ಬಿಟ್ಟ ಸುದ್ದಿ ಬಸ್ಸಿನಲ್ಲಿ ಓಡಾಡುವಾಗ, ಆಯಿಯೂ ಸಾರನಾಥದಲ್ಲಿ ಸ್ತೂಪದ ಮುಂದೆ ನಿಂತು ಪೇರಲ ಬಿಟ್ಟು ಬಂದಳು. ಮಾಸ್ತರರಾದ ನಮ್ಮ ಅಪ್ಪನಿಗೆ ತಡೆಯಲಾಗಲಿಲ್ಲ. ನಮ್ಮೊಳಗೆ ಇದು ಇಲ್ಲ, ಯಾವ ದೇವರಿಗೆ ಬಿಟ್ಟೆ, ಏನು ಬೇಡಿಕೊಂಡು ಬಿಟ್ಟೆ ಎಂದು ಹಿಡಿದು ಕೇಳಿದರು. ಯಾರಿಗೂ ಅಲ್ಲ, ಏನೂ ಬೇಡಿಲ್ಲ, ಬಿಟ್ಟೇನಿ ಎಂದಳು. ಅಪ್ಪ ಈಗಲೂ ಇದನ್ನು ಮೂಢನಂಬಿಕೆ ಎನ್ನುತ್ತಾರೆ. ಯಾವುದರ ಮೇಲೆ ನಂಬಿಕೆ ಎಂದು ಮಾತ್ರ ಅವರಿಗೂ ಹೇಳಲು ಬರುವುದಿಲ್ಲ.

ಆ ಭಾನುವಾರ ಕಾಕಾನ ಮಗ ಸಿಗ್ನಲ್ ಸಿಗಲಿ ಎಂದು ಆಯಿಯನ್ನು ಮಾಳಿಗೆ ಹತ್ತಿಸಿ ವಿಡಿಯೋ ಕಾಲ್ ಮಾಡಿಸಿದ. ನಾವು ಬ್ರೆಡ್ ತಿನ್ನುತ್ತಿದ್ದೆವು. ಏನು ತಿನ್ನುತ್ತಿದ್ದೀರಿ ಎಂದು ಆಯಿ ಕೇಳಿದಳು. ಮಾರೆನ್‌ಗೆ ಪ್ರಶ್ನೆ ಹಾವಭಾವದಲ್ಲೇ ಅರ್ಥವಾಗಿ, ತಾನೇ ಮಾಡಿದ ಹಣ್ಣಿನ ಪಾಕದ ಬಾಟಲಿ ಎತ್ತಿ ತೋರಿಸಿ, 'ಜಾಮ್' ಎಂದಳು.

"ಅಷ್ಟು ಥಂಡ್ಯಾಗ ಜಾಮ್ ಹ್ಯಾಂಗ ಬೆಳಿತಾವ?" ಎಂದಳು ಆಯಿ.

ನಮ್ಮ ಕಡೆ ಪೇರಲಕ್ಕೆ ಜಾಮ್ ಎನ್ನುತ್ತಾರೆ. ನಾನು ತಿದ್ದುವಷ್ಟರಲ್ಲಿ ಆಯಿ ಮುಂದಕ್ಕೆ ಹೋಗಿದ್ದಳು. "ನಾ ಜಾಮ್ ಬಿಟ್ಟೇನಿ ಅಂತ ಹೇಳು ಆಕಿಗಿ. ಇಲ್ಲಾಂದ್ರ ಯಾವಾಗರ ಬಂದಾಗ ತಂದ್ಳು ಅಂದ್ರ, ಪಾಪ, ಬ್ಯಾಡ ಅನ್ನಲಾಕ ಬರಂಗಿಲ್ಲ."

ಹೇಳಿದೆ, ಸಾರನಾಥದ ಕಥೆಯನ್ನೂ ಸೇರಿಸಿ. ಮಾರೆನ್ ಬಾಟಲಿ ಕೆಳಗಿಟ್ಟು ಪರದೆಯ ಹತ್ತಿರ ಬಂದಳು. ಯಾಕೆ ಬಿಟ್ಟಳು ಎಂದು ಕೇಳಲಿಲ್ಲ. ಕಷ್ಟವಾಗುತ್ತದೆಯಾ ಎಂದು ಕೇಳಿದಳು. ಹಿತ್ತಲಿನಲ್ಲೇ ಗಿಡ ಇದೆ, ಹಣ್ಣಾದಾಗ ವಾಸನೆಗೆ ನಿದ್ದೆ ಬರುವುದಿಲ್ಲ, ಕಡಿಸಿಬಿಡೋಣ ಎಂದರೆ ಮೊಮ್ಮಕ್ಕಳು ತಿನ್ನುತ್ತವೆ ಎಂದಳು ಆಯಿ.

ಇದೇ ಹೊತ್ತು ಎಂದು ನಾನು ಮದುವೆಯ ವಿಷಯವನ್ನು ಆಯಿಯ ಮುಂದೆ ಇಟ್ಟೆ. ನನಗೆ ಒಬ್ಬ ಸಾಕ್ಷಿ ಬೇಕಿತ್ತು. ತಂಗಿಯ ಮದುವೆಗೆ ಹೋಗಬಾರದು ಎಂದು ಯಾವ ಆಯಿ ಹೇಳುತ್ತಾಳೆ? ಸಿಗ್ನಲ್ ಹೋಯಿತೋ ಎಂದುಕೊಂಡೆ. ಹಿಂದೆ ಒಣಹಾಕಿದ ಸೀರೆ ಅಲ್ಲಾಡುತ್ತಿತ್ತು, ಸಿಗ್ನಲ್ ಇತ್ತು.

"ನೀ ಹೇಳು ಆಯಿ, ಹೋಗು ಅಂತ," ಎಂದೆ.

"ನಾ ಹ್ಯಾಂಗ ಹೇಳ್ಲಿ? ಬಿಟ್ಟಾಕಿ ಆಕಿ, ನಾ ಏನು ಬಿಟ್ಟೇನಿ ಅದ್ರಾಗ?" ಎಂದಳು. ಸ್ವಲ್ಪ ತಡೆದು, "ಭಾಳ ದೊಡ್ಡ ಜಾಮ್ ಬಿಟ್ಟಾಳ ನೋಡವ್ವಾ, ಈ ಹೆಣ್ಮಗಳು," ಎಂದಳು.

ಏನಂದಳು ಎಂದು ಮಾರೆನ್ ನನ್ನ ಮುಖ ನೋಡಿದಳು. ಅಂದದ್ದನ್ನು ಅಂದಂತೆ ಹೇಳಿದೆ. ಮಾರೆನ್ ನಕ್ಕಳು. ನಗುತ್ತಲೇ ಎದ್ದು ಒಳಗೆ ಹೋದಳು. ಬಚ್ಚಲಿನ ನಲ್ಲಿ ಬಿಟ್ಟ ಸದ್ದು ಕೇಳಿತು. ಆ ಮನೆಯಲ್ಲಿ ನೀರು ಅಷ್ಟು ಹೊತ್ತು ಸುಮ್ಮನೆ ಹರಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮದುವೆಯ ಬೆಳಿಗ್ಗೆ

ಅಲ್ಲಿ ಬೇಸಿಗೆಯ ಸಂಜೆ, ಇಲ್ಲಿ ಇನ್ನೂ ಬೆಳಕು ಹರಿಯದ ಬೆಳಿಗ್ಗೆ. ಮಾರೆನ್ ತಾಯಿಯ ನೀಲಿ ಉಡುಪು ಹಾಕಿಕೊಂಡು, ಕಾಲಿಗೆ ಬೂಟು ಸಹ ಹಾಕಿಕೊಂಡು, ಅಡಿಗೆಮನೆಯ ಕುರ್ಚಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ, ಚಹಾ ಮಾಡಿದೆ. ನಿಮ್ಮಲ್ಲಿ ಮದುವೆಯಲ್ಲಿ ಏನು ಮಾಡುತ್ತಾರೆ ಎಂದಳು. ನಮ್ಮ ಮನೆಗಳಲ್ಲಿ ವಧೂವರರ ಮೇಲೆ ಹೂವಿನ ಎಸಳು ಹಾಕುತ್ತೇವೆ ಎಂದೆ. ಆಕೆ ಚಳಿಗಾಲದಲ್ಲಿ ಹೂವು ಕೊಳ್ಳುವುದಿಲ್ಲ, ಅವೂ ವಿಮಾನದಲ್ಲೇ ಬರುತ್ತವೆ. ಎದ್ದು ಹೊರಗೆ ಹೋಗಿ ಕತ್ತಲಿನಲ್ಲಿ ಅಂಗಳದ ಮರದ ಕೆಳಗಿಂದ ಒಂದು ಬುಟ್ಟಿ ಎಲೆ ತಂದಳು, ಹೀಟರಿನ ಮೇಲೆ ಹರವಿ ಒಣಗಿಸಿದಳು.

ಪರದೆಯಲ್ಲಿ ಒಂದು ಹಸಿರು ದಿನ್ನೆ, ಹಿಂದೆ ಸಮುದ್ರ. ಆಂಕೆಯ ಎಡಗಡೆ ಒಂದು ಕುರ್ಚಿಯ ಮೇಲೆ ಫೋನನ್ನು ಇಟ್ಟಿದ್ದರು, ಅಂದರೆ ನಮ್ಮನ್ನು. ಗಾಳಿಗೆ ಆ ಫೋನು ಒಮ್ಮೆ ಬಿದ್ದು ನಮಗೆ ಬರೀ ಆಕಾಶ ಕಂಡಿತು. ಯಾರೋ ಬಂದು ಎತ್ತಿಟ್ಟರು. ಉಂಗುರ ಹಾಕುವಾಗ ಮಾರೆನ್ ನನ್ನ ಮೊಣಕೈ ತಿವಿದಳು. ಇಬ್ಬರೂ ಬೊಗಸೆ ತುಂಬ ಎಲೆ ಲ್ಯಾಪ್‌ಟಾಪಿನ ಮೇಲೆ ಹಾಕಿದೆವು. ಕೀಲಿಮಣೆಯ ಮೇಲೆಲ್ಲ ಎಲೆ. ಆಂಕೆ ಅಲ್ಲಿ ಬಗ್ಗಿ ನೋಡಿ, ನಗಲೋ ಅಳಲೋ ಎಂದು ತಿಳಿಯದೆ ಎರಡನ್ನೂ ಮಾಡಿದಳು. ಆಮೇಲೆ ನನ್ನತ್ತ ಕೈಬೀಸಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ಸೋತವರಿಗೆ ತೀರ್ಪುಗಾರರು ಹಾಗೆ ತಲೆಯಾಡಿಸುವುದನ್ನು ನೋಡಿದ್ದೇನೆ. ನನಗೆ ಅಭ್ಯಾಸವಿರಲಿಲ್ಲ.

ಹಾಡು ಶುರುವಾಯಿತು, ಎಲ್ಲರೂ ಕುಣಿಯಲು ಹೋದರು. ಖಾಲಿ ದಿನ್ನೆಯನ್ನು ನಾವು ಇನ್ನೂ ಸ್ವಲ್ಪ ಹೊತ್ತು ನೋಡಿದೆವು. ಮಾರೆನ್ ಎಲೆಗಳನ್ನು ಗುಡಿಸಿ ಗೊಬ್ಬರದ ಡಬ್ಬಿಗೆ ಹಾಕಿ, ಅದೇ ನೀಲಿ ಉಡುಪಿನಲ್ಲಿ ಕೆಲಸಕ್ಕೆ ಹೋದಳು.

ಹ್ಯಾಂಬರ್ಗ್

ಶಿಬಿರದ ಕೊನೆಯ ಸ್ಪರ್ಧೆಯಲ್ಲಿ ನಾನು ಗೆದ್ದೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನನ್ನನ್ನು ಬಿಡಲು ಮಾರೆನ್ ರೈಲಿನಲ್ಲಿ ಹ್ಯಾಂಬರ್ಗಿನ ವಿಮಾನ ನಿಲ್ದಾಣದವರೆಗೆ ಬಂದಳು. ಬೇಡ ಎಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಆಚೆ ಒದ್ದೆ ಹೊಲ, ಗಾಳಿಯಂತ್ರಗಳು, ಮತ್ತೆ ಒದ್ದೆ ಹೊಲ. ತೊಗರಿ ಹೂಬಿಟ್ಟಾಗ ನಮ್ಮ ಕಡೆಯ ಹೊಲ ಹೇಗೆ ಹಳದಿಯಾಗುತ್ತದೆ ಎಂದು ಹೇಳಿದೆ. ನೋಡಬೇಕು ಎಂದಳು. ನೋಡಲು ಆಕೆ ಬರುವ ದಾರಿ ಯಾವುದು?

ಒಳಗೆ ಜನ ಪೆಟ್ಟಿಗೆ ಎಳೆದುಕೊಂಡು ಓಡಾಡುತ್ತಿದ್ದರು. ಬಿಟ್ಟ ಮೇಲೆ ಇಂಥ ಜಾಗಕ್ಕೆ ಬಂದದ್ದು ಇದೇ ಮೊದಲು ಎಂದಳು. ಯಾವ ಊರಿಗೆ ಯಾವ ವಿಮಾನ ಎಂದು ತೋರಿಸುವ ಫಲಕದ ಮುಂದೆ ನಿಂತು, ಸಾಲಿ ಮಕ್ಕಳು ಬೋರ್ಡು ಓದುವ ಹಾಗೆ ತಲೆಯೆತ್ತಿ ಓದಿದಳು. ನಾನು ಒಳಗೆ ಹೋಗುವ ಹೊತ್ತಾಯಿತು. ಆಗ ಆಕೆ ನನ್ನ ಮುಖ ನೋಡದೆ, ಫಲಕವನ್ನೇ ನೋಡುತ್ತ ಹೇಳಿದಳು:

"ನೀನು ಗೆಲ್ಲಲಿ ಅಂತ ಪ್ರತಿ ಸಂಜೆ ಕೂತು ಕೇಳುತ್ತಿದ್ದೆ."

ಇನ್ನೊಮ್ಮೆ ಹೇಳು ಎಂದು ಆಕೆ ಕೇಳುತ್ತಿದ್ದದ್ದು, ಚೂರುಗಳನ್ನು ಒಟ್ಟುಮಾಡುತ್ತ ಕೂತದ್ದು, ಎಲ್ಲಕ್ಕೂ ಒಮ್ಮೆಲೇ ಬೇರೆ ಅರ್ಥ ಬಂತು. ಆಕೆ ತಡೆಯುತ್ತಿರಲಿಲ್ಲ, ಕಾಯುತ್ತಿದ್ದಳು. ನಾನು ಕಣ್ಣೀರು ಬರಿಸುವ ವಾಕ್ಯ ಹುಡುಕುತ್ತಿದ್ದೆ, ಆಕೆಗೆ ಬೇಕಾಗಿದ್ದು ಬಾಗಿಲು ತೆಗೆಯುವ ವಾಕ್ಯ. ಅಂಥದ್ದು ಇದೆಯೋ ಇಲ್ಲವೋ, ನನಗೆ ಸಿಗಲಿಲ್ಲ. ತಬ್ಬಿಕೊಂಡೆವು. ಒಳಗೆ ಹೋಗಿ ತಿರುಗಿ ನೋಡಿದಾಗ ಗಾಜಿನ ಆಚೆ ಇನ್ನೂ ಆ ಫಲಕದ ಕೆಳಗೇ ನಿಂತಿದ್ದಳು.

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅದರ ಮೇಲೆ ಚೀಲ ಇಡಲು ಮನಸ್ಸಾಗಲಿಲ್ಲ.

ಔರಾದ, ಸಂತಪುರ

ಮರಳಿ ಬಂದ ಮೇಲೆ ಭಾಲ್ಕಿಯ ಮನೆ ತುಂಬ ಜನ. ಎಲ್ಲರೂ ಪ್ರಶ್ನೆ ಕೇಳಿದರು, ನಾನು ಹಂಬಲಿಸಿದ್ದ ಪ್ರಶ್ನೆಗಳೇ. ಮೊದಲ ದಿನವೇ ಸಾಕಾಯಿತು. ಬೀದರಿನಲ್ಲಿ ಗೆಳೆಯರು ಅದೇ ವಿಷಯದ ಮೇಲೆ ಮತ್ತೆ ಮಾತಾಡು ಎಂದರು. ನನ್ನ ಅಭಿಪ್ರಾಯ ಬದಲಾಗಿಲ್ಲ. ಒಬ್ಬಳು ವಿಮಾನ ಬಿಟ್ಟರೆ ಆಕಾಶಕ್ಕೆ ಏನೂ ಆಗುವುದಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ವೇದಿಕೆಯ ಮೇಲೆ ಹೇಳಲು ಮಾತ್ರ ಮನಸ್ಸಾಗದೆ, ಮೈ ಹುಷಾರಿಲ್ಲ ಎಂದು ತಪ್ಪಿಸಿಕೊಂಡೆ.

ಆಯಿಯನ್ನು ನೋಡಲು ಹೊರಟವಳಿಗೆ ಔರಾದದಲ್ಲಿ ಬಸ್ಸು ಬದಲಿಸುವಾಗ ಮಾರೆನ್‌ಳ ಸಂದೇಶ ಬಂತು. ಸಂತಪುರಕ್ಕೆ ಹೋದ ಮೇಲೆ ಅದನ್ನು ಆಯಿಗೆ ಕನ್ನಡ ಮಾಡಿ ಓದಿದೆ. ಆಂಕೆ ಮತ್ತು ಗಂಡ ಬೇಸಿಗೆಗೆ ಜರ್ಮನಿಗೆ ಬರುತ್ತಿದ್ದಾರೆ, ಮಾರೆನ್‌ಳನ್ನು ನೋಡಲು, ವಿಮಾನದಲ್ಲಿ.

ಆಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಂದ್ರ, ಇಕಿ ಒಬ್ಬಾಕಿ ಹೋಗಲಿಲ್ಲಂತ ಅವರು ಇಬ್ಬರು ಬರ್ಲಾಕತ್ತಾರೇನು?"

ಇದಕ್ಕಿಂತ ಗಟ್ಟಿಯಾದ ಖಂಡನೆ ಯಾವ ಸ್ಪರ್ಧೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಒಂದು ಸೀಟು ಉಳಿಸಲು ಹೋಗಿ ಎರಡು ಸೀಟು. ಮಾರೆನ್‌ಗೂ ಅದು ಗೊತ್ತಿತ್ತು. ಸಂದೇಶದ ಕೊನೆಗೆ ಬರೆದಿದ್ದಳು: ನಾನು ಬರಬೇಡಿ ಅನ್ನಬೇಕಿತ್ತು. ಅನ್ನಲಿಲ್ಲ. ಈಗ ನಾನು ಬಿಟ್ಟದ್ದಕ್ಕೆ ಏನಾದರೂ ಅರ್ಥ ಉಳಿಯಿತಾ? ಸುಳ್ಳು ಸಮಾಧಾನ ಬೇಡ, ನೀನು ಹೇಳಿದರೆ ನಂಬುತ್ತೇನೆ.

ಆಯಿ ನಗು ನಿಲ್ಲಿಸಿ, "ಏನು ಬರಿತಿ?" ಎಂದಳು.

ಪರವಾಗಿಯೂ ಬರೆಯಬಹುದಿತ್ತು, ವಿರೋಧವಾಗಿಯೂ. ಎರಡೂ ನಾಲಿಗೆಯ ತುದಿಗೇ ಇದ್ದವು. ಹೊರಗೆ ಠಾಣಾ ಕುಶನೂರಿನ ಕಡೆಯ ಬಸ್ಸು ಹಾರ್ನು ಹೊಡೆದು ಹೋಯಿತು.

'ಬರಬೇಡಿ ಅಂತ ನಾನೂ ಅನ್ನುತ್ತಿರಲಿಲ್ಲ' ಎಂದು ಬರೆದು ಕಳಿಸಿದೆ.